ನಾನು ದಾಟಿಸದ ಮಾತು

ಕುವೈತಿನ ಸರಕಾರಿ ಆಸ್ಪತ್ರೆಯೊಂದರ ಹೆಂಗಸರ ಮೂಳೆ ವಾರ್ಡಿನಲ್ಲಿ ನಾನು ಹತ್ತೊಂಬತ್ತು ವರ್ಷ ನರ್ಸಾಗಿದ್ದೆ. ಯುದ್ಧ ಮುಗಿದು ಆಸ್ಪತ್ರೆಗಳಿಗೆ ಮತ್ತೆ ಜನ ಬೇಕಾದಾಗ ಮಂಗಳೂರಿನಿಂದ ಹೋದವರಲ್ಲಿ ನಾನೂ ಒಬ್ಬಳು. ನಮ್ಮ ವಾರ್ಡಿಗೆ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಮುದುಕಿಯರು. ಬಚ್ಚಲಲ್ಲಿ ಜಾರಿದವರು, ಕಾರ್ಪೆಟ್ಟಿನ ಅಂಚಿಗೆ ಕಾಲು ಸಿಕ್ಕಿ ಬಿದ್ದವರು, ನಮಾಜಿಗೆಂದು ಏಳುವಾಗ ತಲೆ ಸುತ್ತಿ ಕುಸಿದವರು. ತೊಡೆಯ ಮೂಳೆ ಸೊಂಟಕ್ಕೆ ಸೇರುವಲ್ಲಿ ಮುರಿದಿರುತ್ತಿತ್ತು. ಆಪರೇಷನ್ ಮಾಡಿಸಿ, ವಾಕರ್ ಹಿಡಿಸಿ, ನಾಲ್ಕು ಹೆಜ್ಜೆ ನಡೆಸಿ ಮನೆಗೆ ಕಳಿಸುವುದು ನಮ್ಮ ಕೆಲಸ. ಹೆಚ್ಚಿನವರು ಮನೆಗೆ ಹೋಗುತ್ತಿದ್ದರು. ಕೆಲವರು ಹೋಗುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಮೂಳೆ ಮುರಿದರೆ ಮೂಳೆಯೊಂದೇ ಅಲ್ಲ, ಎದೆ, ಶ್ವಾಸ, ಮೂತ್ರಕೋಶ ಎಲ್ಲವೂ ಸರತಿಯಲ್ಲಿ ನಿಂತುಬಿಡುತ್ತವೆ.

ನಾನು ಹೇಳಹೊರಟಿರುವುದು ಒಬ್ಬ ಅಜ್ಜಿಯ ವಿಷಯ. ನಾನು ಅಲ್ಲಿಗೆ ಹೋಗಿ ಹತ್ತು ವರ್ಷವಾಗಿದ್ದಾಗ ಬಂದವರು. ಎಂಬತ್ತು ದಾಟಿತ್ತು, ಸರಿಯಾದ ವಯಸ್ಸು ಅವರಿಗೂ ಗೊತ್ತಿರಲಿಲ್ಲ, ಫೈಲಿನಲ್ಲಿದ್ದದ್ದು ಅಂದಾಜು. ಸಪೂರ ಮೈ, ಗಲ್ಲದ ಮೇಲೆ ಹಳೆಯ ಕಾಲದ ಹಚ್ಚೆಯ ಮೂರು ಚುಕ್ಕೆ. ನಾವು ನರ್ಸುಗಳು ಅಲ್ಲಿಯ ಎಲ್ಲ ಅಜ್ಜಿಯರನ್ನೂ 'ಮಾಮಾ' ಎಂದೇ ಕರೆಯುತ್ತಿದ್ದೆವು, ಅಂದರೆ ಅಮ್ಮ. ಹೊಸದಾಗಿ ಹೋದಾಗ ನನಗೆ ನಗು ಬರುತ್ತಿತ್ತು, ನಮ್ಮಲ್ಲಿ ಮಾಮ ಎಂದರೆ ಮೀಸೆ ಇರುವವರು ತಾನೆ.

ನಾನು ಯಾವ ಊರಿನವಳೆಂದು ಕೇಳಿದರು. ಇಂಡಿಯಾ ಎಂದೆ. "ಇಂಡಿಯಾ ದೊಡ್ಡದು, ಊರು ಹೇಳು," ಎಂದರು. ಮಂಗಳೂರು ಎಂದದ್ದೇ ಅವರ ಕಣ್ಣು ಅರಳಿತು. ಅವರ ಯಜಮಾನರು ಪ್ರಾಯದಲ್ಲಿ ಹಾಯಿ ಹಡಗಿನಲ್ಲಿ ದುಡಿದವರಂತೆ. ಖರ್ಜೂರ ತುಂಬಿಕೊಂಡು ಹೋಗಿ ನಮ್ಮ ಬಂದರಿನಿಂದ ಹಂಚು, ಹುರಿಹಗ್ಗ, ಮರ ತರುತ್ತಿದ್ದರಂತೆ. "ನಿಮ್ಮ ಊರಿನಿಂದ ಬಂದ ದಿನ ಅವನ ಬಟ್ಟೆಯಲ್ಲೆಲ್ಲ ತೆಂಗಿನೆಣ್ಣೆ ವಾಸನೆ. ತೊಳೆದರೂ ಹೋಗುತ್ತಿರಲಿಲ್ಲ," ಎಂದು ಮೂಗು ಮುರಿದು ನಕ್ಕರು. ಆ ದಿನದಿಂದ ಬೇರೆ ಯಾವ ನರ್ಸು ಹೋದರೂ "ಆ ತೆಂಗಿನೆಣ್ಣೆಯವಳು ಬರಲಿ" ಎನ್ನುವುದು ರೂಢಿಯಾಯಿತು.

ಆಪರೇಷನ್ನಿನ ಹಿಂದಿನ ದಿನ ಬೆಳಗ್ಗೆ ನಾನು ಅವರಿಗೆ ಮಲಗಿದಲ್ಲೇ ಮೈ ಒರೆಸುತ್ತಿದ್ದೆ. ಪರದೆ ಎಳೆದಿತ್ತು. ಒಂದು ಪಕ್ಕಕ್ಕೆ ಹೊರಳಿಸಿ ಬೆನ್ನಿಗೆ ಬಿಸಿನೀರಿನ ಬಟ್ಟೆ ಇಟ್ಟಾಗ ನೋವಿನಲ್ಲಿ ಒಮ್ಮೆ ಉಸಿರು ಹಿಡಿದರು. ಆಮೇಲೆ ಗೋಡೆಯ ಕಡೆ ಮುಖವಿಟ್ಟುಕೊಂಡೇ ಮಾತಾಡಿದರು.

"ಬಿನ್ತಿ," ಎಂದರು. ಮಗಳೇ ಎಂದು. "ನನ್ನ ಯಜಮಾನನಿಗೆ ಎದೆನೋವು ಬಂದಾಗ ಮಕ್ಕಳು ಲಂಡನ್ನಿಗೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಎರಡು ತಿಂಗಳು ಮೆಷಿನ್ನಿನಲ್ಲಿ ಇಟ್ಟರು. ಬಾಯಿಗೆ ಪೈಪು ಹಾಕಿ ಪಟ್ಟಿ ಕಟ್ಟಿದ್ದರು. ಅವನಿಗೆ ನನ್ನನ್ನು ನೋಡಿ ಏನೋ ಹೇಳಬೇಕಿತ್ತು. ಹೇಳಲಾಗಲಿಲ್ಲ. ಸಾಯುವಾಗ ಶಹಾದಾ ಹೇಳಲಿಕ್ಕೂ ಬಾಯಿ ಬಿಟ್ಟುಕೊಡಲಿಲ್ಲ."

ಶಹಾದಾ ಎಂದರೆ ಅವರ ನಂಬಿಕೆಯ ಮಾತು. ಕೊನೆಯ ಉಸಿರಿನಲ್ಲಿ ಅದು ನಾಲಿಗೆಯ ಮೇಲಿರಬೇಕು ಎಂಬುದು ಅವರೆಲ್ಲರ ಆಸೆ. ನಾನು ಬೆನ್ನು ಒರೆಸುತ್ತಲೇ ಇದ್ದೆ.

"ನನ್ನ ಎದೆ ನಿಂತರೆ ನಿಲ್ಲಲಿ. ಯಾರೂ ಒತ್ತಬೇಡಿ. ಬಾಯಿಗೆ ಪೈಪು ಬೇಡ. ಮಕ್ಕಳಿಗೆ ಹೇಳಹೋದರೆ 'ಅಮ್ಮಾ, ಕೆಟ್ಟ ಮಾತಾಡಬೇಡ' ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ. ನೀನು ಡಾಕ್ಟರಿಗೆ ಹೇಳು. ಹೇಳುತ್ತೀಯಲ್ಲ?"

"ಇನ್ಶಾಲ್ಲಾ ಮಾಮಾ," ಎಂದೆ.

ದೇವರು ಬಯಸಿದರೆ ಎಂಬ ಆ ಮಾತನ್ನು ಹತ್ತು ವರ್ಷದಲ್ಲಿ ನಾನು ಎರಡು ಬಗೆಯಲ್ಲಿ ಆಡಲು ಕಲಿತಿದ್ದೆ. ಖಂಡಿತ ಮಾಡುತ್ತೇನೆ ಎನ್ನುವುದಕ್ಕೂ ಅದೇ ಮಾತು. ಇಲ್ಲ ಎನ್ನಲು ಧೈರ್ಯವಿಲ್ಲದಾಗಲೂ ಅದೇ ಮಾತು. ಆವತ್ತು ಆಡಿದ್ದು ಯಾವುದು ಎಂದು ನನಗೆ ಆಗಲೇ ಗೊತ್ತಿತ್ತು. ಅಜ್ಜಿ ಮಾತ್ರ ಮೊದಲನೆಯದೆಂದು ನಂಬಿ ನನ್ನ ಮುಂಗೈಯನ್ನು ತಟ್ಟಿದರು.

ಡಾಕ್ಟರಿಗೆ ಹೇಳಲು ಅವಕಾಶ ಇರಲಿಲ್ಲವೆಂದಲ್ಲ. ಒಂದು ಗಂಟೆಯ ಬಳಿಕ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಅದೇ ಹಾಸಿಗೆಯ ಹತ್ತಿರ ನಿಂತು ನನ್ನನ್ನು "ಏನಾದರೂ ಇದೆಯಾ?" ಎಂದು ಕೇಳಿದರು. ಬಿಪಿ ಹೇಳಿದೆ, ಸಕ್ಕರೆ ಹೇಳಿದೆ, ನಿದ್ದೆ ಸರಿ ಬಂದಿಲ್ಲ ಎಂದೂ ಹೇಳಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದುದರಿಂದ, ತನ್ನ ಮಾತನ್ನೂ ಹೇಳಿದಳು ಎಂದುಕೊಂಡಿರಬೇಕು. ಡಾಕ್ಟರು ಹೊರಟಾಗ ಅಜ್ಜಿ ನನ್ನತ್ತ ನೋಡಿ ತಲೆಯಾಡಿಸಿದರು. ನಾನೂ ಆಡಿಸಿದೆ.

ಯಾಕೆ ಹೇಳಲಿಲ್ಲ? ಆ ಕಾಲಕ್ಕೆ ನಮ್ಮ ವಾರ್ಡಿನಲ್ಲಿ ರೋಗಿಯನ್ನು ಹಾಗೆ ಕೇಳುವ ಪದ್ಧತಿಯಿರಲಿಲ್ಲ, ಬರೆದಿಡಲು ಒಂದು ಕಾಗದವೂ ಇರಲಿಲ್ಲ. ಏನಿದ್ದರೂ ಗಂಡುಮಕ್ಕಳು ಹೇಳಬೇಕು, ಡಾಕ್ಟರು ಕೇಳಬೇಕು. ಅದಕ್ಕಿಂತ ಹೆಚ್ಚಾಗಿ ನನಗೆ ಹೆದರಿಕೆಯಿತ್ತು. ಹಿಂದಿನ ವರ್ಷವಷ್ಟೇ ನಮ್ಮ ಜೊತೆಯವಳೊಬ್ಬಳು ರೋಗಿಯ ಮಗನಿಗೆ ಎದುರು ಮಾತಾಡಿದಳೆಂದು ದೂರು ಹೋಗಿ, ಅವಳ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ನನ್ನ ಇಕಾಮಾ, ಅಂದರೆ ವಾಸದ ಪರವಾನಗಿ, ಎರಡು ತಿಂಗಳಲ್ಲಿ ಮುಗಿಯುವುದಿತ್ತು. ನನ್ನ ಮಗಳು ಅಬ್ಬಾಸಿಯಾದ ಶಾಲೆಯಲ್ಲಿ ಏಳನೆಯ ತರಗತಿ. 'ನಿಮ್ಮ ತಾಯಿಯನ್ನು ಬದುಕಿಸಬೇಡಿ' ಎಂದು ಹೇಳಿದ ಇಂಡಿಯನ್ ನರ್ಸು ಎಂದು ನನ್ನ ಹೆಸರಿನ ಮುಂದೆ ಬರೆದರೆ?

ಮನೆಗೆ ಬಂದು ಗಂಡನಲ್ಲಿ ಹೇಳಿದೆ. ಅವರು ಸಬ್ಹಾನಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಊಟ ಮಾಡುತ್ತಾ ಕೇಳಿಸಿಕೊಂಡು, "ನೀನು ಎಂತಕ್ಕೆ ಬಾಯಿ ಹಾಕುವುದು ಮಾರಾಯ್ತಿ? ನಾಳೆ ಅಜ್ಜಿ ಚೆನ್ನಾಗಿ ಎದ್ದು ನಡೆದರೆ?" ಎಂದರು. ಆ ಮಾತು ನನಗೆ ಬೇಕಿತ್ತು. ಹಿಡಿದುಕೊಂಡೆ.

ಅಜ್ಜಿ ಚೆನ್ನಾಗಿಯೇ ಎದ್ದರು. ಆಪರೇಷನ್ ಸಲೀಸಾಗಿ ಆಯಿತು. ಮೂರನೆಯ ದಿನ ಕುರ್ಚಿಯಲ್ಲಿ ಕೂತು ಮಗಳು ತಂದ ಮೀನಿನ ಅನ್ನ ಉಂಡರು. ಅವರಿಗೆ ಮೂವರು ಗಂಡುಮಕ್ಕಳು, ಒಬ್ಬಳೇ ಮಗಳು. ಮಗಳಿಗೆ ಐವತ್ತರ ಹತ್ತಿರ ವಯಸ್ಸು, ಶಾಲೆಯ ಟೀಚರು, ಮೆತ್ತಗಿನ ದನಿ. ದೊಡ್ಡ ಮಗ ಬಂದರೆ ವಾರ್ಡಿಗೇ ಗೊತ್ತಾಗುತ್ತಿತ್ತು. ಅಷ್ಟು ದೊಡ್ಡ ಆಳು ತಾಯಿಯ ಕಾಲ ಬುಡದಲ್ಲಿ ಕೂತು ಪಾದ ಒತ್ತುತ್ತಿದ್ದ. ಅವನನ್ನು ಕೆಟ್ಟವನೆಂದು ಯಾರೂ ತಿಳಿಯಬಾರದು.

ನಾಲ್ಕನೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ವಾಕರ್ ಹಿಡಿಸಿ ನಿಲ್ಲಿಸಿದೆವು. ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ನಿಂತು, "ಉಸಿರು," ಎಂದರು. ಅಷ್ಟೇ. ಮಂಚಕ್ಕೆ ಕೂರಿಸುವಷ್ಟರಲ್ಲಿ ತುಟಿ ನೀಲಿಯಾಗಿ ಕಣ್ಣು ಮೇಲೆ ಹೋಯಿತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡದ್ದು ಎಂದು ಆಮೇಲೆ ಡಾಕ್ಟರು ಹೇಳಿದರು. ಕುತ್ತಿಗೆಯಲ್ಲಿ ನಾಡಿ ಸಿಗಲಿಲ್ಲ. ನಾನು ಗಂಟೆ ಒತ್ತಿ, ಬೆನ್ನ ಕೆಳಗೆ ಹಲಗೆ ಸೇರಿಸಿ, ಎದೆ ಒತ್ತಲು ಶುರು ಮಾಡಿದೆ.

ಮೂರನೆಯ ಒತ್ತಿಗೋ ನಾಲ್ಕನೆಯದಕ್ಕೋ ಅಂಗೈಯ ಕೆಳಗೆ ಪಕ್ಕೆಲುಬು ಮುರಿಯಿತು. ಕಿವಿಗಿಂತ ಮೊದಲು ಅದು ಕೈಗೆ ತಿಳಿಯುತ್ತದೆ. ಅದುವರೆಗೆ ತಡೆಯುತ್ತಿದ್ದದ್ದು ಒಮ್ಮೆಲೇ ತಡೆಯುವುದನ್ನು ಬಿಡುತ್ತದೆ. ಅಜ್ಜಿಯ ಮಾತು ಆಗ ನೆನಪಾಯಿತೇ? ಆಯಿತು. ಎಣಿಸುತ್ತಾ ಒತ್ತುತ್ತಿದ್ದೆ, ಹನ್ನೆರಡು ಹದಿಮೂರರ ನಡುವೆ ನೆನಪಾಯಿತು. ಕೈ ನಿಲ್ಲಲಿಲ್ಲ. ನಿಲ್ಲಿಸುವ ಅಧಿಕಾರ ನನಗಿರಲಿಲ್ಲ. ನಿಲ್ಲಿಸಬಹುದಾಗಿದ್ದವರಿಗೆ ನಾನು ಹೇಳಿರಲಿಲ್ಲ.

ಡಾಕ್ಟರುಗಳು ಓಡಿಬಂದರು. ಇಂಜೆಕ್ಷನ್ ಕೊಟ್ಟರು, ಗಂಟಲಿಗೆ ಪೈಪು ಇಳಿಸಿದರು. ಸುಮಾರು ಕಾಲು ಗಂಟೆಯ ಮೇಲೆ ನಾಡಿ ಸಿಕ್ಕಿತು. ಅಜ್ಜಿಯನ್ನು ಐಸಿಯುಗೆ ಒಯ್ದರು. ಹೆಡ್ ನರ್ಸ್ ಬೆನ್ನು ತಟ್ಟಿ, "ನಿನ್ನಿಂದ ಉಳಿದರು," ಎಂದರು. ಮಧ್ಯಾಹ್ನ ದೊಡ್ಡ ಮಗ ವಾರ್ಡಿಗೆ ಬಂದು ಕಣ್ಣೀರು ತುಂಬಿಕೊಂಡು ಕೈ ಎದೆಗಿಟ್ಟು ನನಗೆ ಬಾಗಿದ. ಮರುದಿನ ದೊಡ್ಡ ತಟ್ಟೆಯಲ್ಲಿ ಪಿಸ್ತಾ ತುಂಬಿದ ಮಿಠಾಯಿ ಕಳಿಸಿದ. ಎಲ್ಲರೂ ಮೊದಲ ತುಂಡು ನನಗೇ ಕೊಟ್ಟರು. ನಾನು ತಿಂದೆ. ರುಚಿಯಾಗಿತ್ತು ಎಂಬುದು ಈಗಲೂ ನೆನಪಿದೆ. ಆ ಎರಡು ದಿನ ನನಗೆ ಹೆಮ್ಮೆಯೂ ಆಗಿತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಅಜ್ಜಿಗೆ ಎಚ್ಚರವಾಗಲಿಲ್ಲ. ಡ್ಯೂಟಿ ಮುಗಿಸಿ ಒಮ್ಮೆ ಐಸಿಯುಗೆ ಹೋಗಿ ನೋಡಿದೆ. ಮುಖ ಊದಿ ಗಲ್ಲದ ಹಚ್ಚೆಯ ಚುಕ್ಕೆಗಳು ದೂರ ದೂರ ಸರಿದಿದ್ದವು. ಬಾಯಿಯ ಪೈಪಿಗೆ ಕೆನ್ನೆಯಿಂದ ಕೆನ್ನೆಗೆ ಬಿಳಿ ಪಟ್ಟಿ. ಮತ್ತೆ ಆ ಕಡೆ ಹೋಗಲಿಲ್ಲ.

ಐಸಿಯುಗೆ ಒಯ್ದ ನಾಲ್ಕನೆಯ ದಿನ ಅಜ್ಜಿಯ ಮಗಳು ನನ್ನನ್ನು ಹುಡುಕಿಕೊಂಡು ವಾರ್ಡಿಗೆ ಬಂದರು. ಔಷಧದ ಗಾಡಿ ತಳ್ಳಿಕೊಂಡು ಹೋಗುತ್ತಿದ್ದೆ. ಕಾರಿಡಾರಿನ ಕಿಟಕಿಯ ಹತ್ತಿರ ನಿಲ್ಲಿಸಿದರು.

"ಸಿಸ್ಟರ್, ಅಮ್ಮ ನಿಮ್ಮ ಹತ್ತಿರ ತುಂಬಾ ಮಾತಾಡುತ್ತಿದ್ದಳು ಅಲ್ಲವಾ?"

"ಹೌದು," ಎಂದೆ.

"ಆಪರೇಷನ್ನಿಗೆ ಮೊದಲು ನಿಮಗೆ ಏನಾದರೂ ಹೇಳಿದ್ದಳಾ? ಹೀಗೇನಾದರೂ ಆದರೆ ಏನು ಮಾಡಬೇಕು, ಏನು ಮಾಡಬಾರದು ಅಂತ?"

ಅವರ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ನನಗೆ ಥಟ್ಟನೆ ಅನಿಸಿದ್ದು ಇದು: ಹೌದು ಎಂದರೆ ಮುಂದಿನ ಪ್ರಶ್ನೆ, 'ಹಾಗಾದರೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ?' ಅದಕ್ಕಿಂತ ಮುಂದಿನದು, 'ಗೊತ್ತಿದ್ದೂ ಯಾಕೆ ಒತ್ತಿದೆ?' ದೊಡ್ಡ ಮಗನ ಮುಖ ಕಣ್ಣ ಮುಂದೆ ಬಂತು. ದೂರಿನ ಕಾಗದ ಬಂತು.

"ಇಲ್ಲ," ಎಂದೆ. "ಹಾಗೇನೂ ಹೇಳಲಿಲ್ಲ. ಊರಿನ ಮಾತು, ಹಡಗಿನ ಮಾತು, ಅಷ್ಟೇ."

ಅವರು "ಸರಿ," ಎಂದು ಹೋದರು. ನಾನು ಗಾಡಿ ತಳ್ಳಿದೆ. ಆವತ್ತು ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡುವವಳಿದ್ದೆ. ಬಟ್ಟಲು ಬಾಯಿಗೆ ಹೋಗುವಷ್ಟರಲ್ಲಿ ಗೊತ್ತಾಯಿತು.

ಮರುದಿನ ಐಸಿಯು ಡಾಕ್ಟರು ಮಕ್ಕಳನ್ನು ಕೂರಿಸಿ ಮಾತಾಡಿದರಂತೆ. ಮಿದುಳಿಗೆ ಪೆಟ್ಟಾಗಿದೆ, ಈ ವಯಸ್ಸಿನಲ್ಲಿ ಹೀಗೆ ಹಿಂದಿರುಗಿ ಬಂದವರು ಮೊದಲಿನ ಹಾಗೆ ಮನೆಗೆ ಹೋಗುವುದು ಬಹಳ ಅಪರೂಪ, ಹೃದಯ ಇನ್ನೊಮ್ಮೆ ನಿಂತರೆ ಏನು ಮಾಡೋಣ ಎಂದು ಕೇಳಿದರಂತೆ. ದೊಡ್ಡ ಮಗ, "ಏನೇನಿದೆಯೋ ಎಲ್ಲ ಮಾಡಿ," ಎಂದ. ತಮ್ಮಂದಿರು ಹೂಂ ಎಂದರು. ಮಗಳು ಅಲ್ಲೇ ಇದ್ದರು, ಏನೂ ಹೇಳಲಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಉಡುಪಿ ಕಡೆಯ ಐಸಿಯು ನರ್ಸು. ನಾವಿಬ್ಬರೂ ಸ್ಟಾಫ್ ಬಸ್ಸಿನಲ್ಲಿ ಒಟ್ಟಿಗೆ ಬರುತ್ತಿದ್ದೆವು.

ಒಂಬತ್ತನೆಯ ದಿನ ಮಧ್ಯಾಹ್ನ ಬಸ್ಸು ಹತ್ತಿದವಳೇ ಅವಳು ನನ್ನ ಪಕ್ಕ ಕೂತು, "ನಿಮ್ಮ ಅಜ್ಜಿ ಹೋದರು," ಎಂದಳು. "ಬೆಳಗ್ಗೆ ಮತ್ತೆ ಹೃದಯ ನಿಂತಿತು. ಅರ್ಧ ಗಂಟೆ ಒತ್ತಿದೆವು. ಮಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತಿದ್ದ. ಒತ್ತಲಿಕ್ಕೆ ಅಲ್ಲಿ ಎಂತದೂ ಉಳಿದಿರಲಿಲ್ಲ ಮಾರಾಯ್ತಿ. ನನ್ನ ಕೈಯೇ ಹೇಸಿತು."

ಹೊರಗೆ ಧೂಳಿನ ಗಾಳಿ. ನಾನು ಕಿಟಕಿ ಮುಚ್ಚುವ ನೆವ ಮಾಡಿ ಮುಖ ತಿರುಗಿಸಿದೆ.

ಎರಡು ದಿನ ಬಿಟ್ಟು ಮಗಳು ತಾಯಿಯ ಸಾಮಾನು ಒಯ್ಯಲು ಬಂದರು. ಒಂದು ಜೊತೆ ಚಪ್ಪಲಿ, ಬಾಚಣಿಗೆ, ಜಪಮಣಿ, ನೀರು ಕುಡಿಯುವ ಲೋಟ. ಅವರು ಲಿಫ್ಟಿನಿಂದ ಇಳಿಯುವುದನ್ನು ದೂರದಿಂದ ಕಂಡು ನಾನು ಬಟ್ಟೆ ಇಡುವ ಕೋಣೆಗೆ ನುಗ್ಗಿ ಬಾಗಿಲು ಎಳೆದುಕೊಂಡೆ. ಮಡಚಿಟ್ಟ ಚಾದರಗಳನ್ನು ಬಿಚ್ಚಿ ಮತ್ತೆ ಮಡಚಿದೆ. ಹೊರಗೆ ಅವರು ನನ್ನನ್ನು ಕೇಳಿದ್ದು ಕೇಳಿಸಿತು. "ಇಲ್ಲೇ ಎಲ್ಲೋ ಇದ್ದಳು," ಎಂದು ಯಾರೋ ಹೇಳಿದರು. ಅವರು ಕಾದರು. ಎಷ್ಟು ಹೊತ್ತೋ ಗೊತ್ತಿಲ್ಲ. ಹೋದ ಮೇಲೆ ಹೊರಗೆ ಬಂದೆ.

ಅಲ್ಲಿ ನಮಗೆ ಶುಕ್ರವಾರವೇ ಭಾನುವಾರ. ಆ ಶುಕ್ರವಾರ ಚರ್ಚಿನಲ್ಲಿ ಪಾಪನಿವೇದನೆ ಮಾಡಿದೆ. ಒಂದು ಸುಳ್ಳು ಹೇಳಿದೆ ಫಾದರ್, ಎಂದು ಎಲ್ಲವನ್ನೂ ಹೇಳಿದೆ. ಪಾದ್ರಿಗಳು ದಯಾಳು. ನೀನು ಜೀವ ಉಳಿಸುವ ಕೆಲಸ ಮಾಡಿದ್ದೀ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಮೂರು ಪ್ರಾರ್ಥನೆ ಹೇಳಲು ಹೇಳಿದರು. ಹೇಳಿದೆ. ದೇವರು ಕ್ಷಮಿಸಿದ್ದಾನೆಂದು ನಂಬುತ್ತೇನೆ. ಆದರೆ ನಾನು ಸುಳ್ಳು ಹೇಳಿದ್ದು ದೇವರಿಗಲ್ಲವಲ್ಲ.

ಆರು ವರ್ಷ ಕಳೆಯಿತು. ವಾರ್ಡಿಗೆ ಎಷ್ಟೋ ಅಜ್ಜಿಯರು ಬಂದರು, ಹೋದರು. ಒಂದು ಮಧ್ಯಾಹ್ನ ಹೊಸ ರೋಗಿ ಬಂದಿದ್ದಾರೆಂದು ಹೋದರೆ ಸ್ಟ್ರೆಚರಿನ ಪಕ್ಕ ನಿಂತವರು ಆ ಮಗಳು. ಕೂದಲು ಬೆಳ್ಳಗಾಗಿತ್ತು. ಮಲಗಿದ್ದವರು ಅವರ ಚಿಕ್ಕಮ್ಮ, ಸತ್ತ ಅಜ್ಜಿಯ ತಂಗಿ, ಅದೇ ತೊಡೆಯ ಮೂಳೆ. ಮಗಳು ನನ್ನನ್ನು ಗುರುತಿಸಿದರು. "ನೀವು ಇನ್ನೂ ಇಲ್ಲೇ ಇದ್ದೀರಾ ಸಿಸ್ಟರ್," ಎಂದು ಎರಡೂ ಕೆನ್ನೆಗೆ ಮುತ್ತಿಟ್ಟರು.

ಚಿಕ್ಕಮ್ಮನನ್ನು ಹಾಸಿಗೆಗೆ ಸೇರಿಸಿ, ನೋವಿನ ಇಂಜೆಕ್ಷನ್ ಕೊಟ್ಟು, ಅವರು ಕಣ್ಣು ಮುಚ್ಚಿದ ಮೇಲೆ ಮಗಳನ್ನು ಕಾರಿಡಾರಿಗೆ ಕರೆದೆ. ಮೊದಲೇ ಯೋಚಿಸಿಟ್ಟ ಮಾತು ಯಾವುದೂ ಇರಲಿಲ್ಲ.

"ಆವತ್ತು ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ," ಎಂದೆ. "ಅಮ್ಮ ನನಗೆ ಹೇಳಿದ್ದರು. ಎದೆ ಒತ್ತಬೇಡಿ, ಪೈಪು ಬೇಡ ಎಂದಿದ್ದರು. ಡಾಕ್ಟರಿಗೆ ಹೇಳು ಎಂದು ಕೇಳಿಕೊಂಡಿದ್ದರು. ನಾನು ಹೇಳಲಿಲ್ಲ. ಹೆದರಿದೆ."

ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಗೆ ಒರಗಿದರು.

"ನನಗೂ ಹೇಳಿದ್ದಳು," ಎಂದರು. "ಅಪ್ಪ ಲಂಡನ್ನಿನಲ್ಲಿ ಸತ್ತ ವರ್ಷವೇ ಹೇಳಿದ್ದಳು. ಒಂದು ಸಲವಲ್ಲ. ನಾನು ಅಣ್ಣನಿಗೆ ಹೇಳಲು ಹೋದರೆ, ನೀನು ಅಮ್ಮ ಸಾಯಲಿ ಅಂತ ಕಾಯುತ್ತಿದ್ದೀಯಾ ಎನ್ನುತ್ತಿದ್ದ. ನನ್ನೊಬ್ಬಳ ಮಾತು ನಡೆಯುತ್ತಿರಲಿಲ್ಲ. ಇನ್ನೊಬ್ಬರು ಕೇಳಿದವರು ಇದ್ದರೆ ಹೇಳಬಹುದು ಎಂದುಕೊಂಡು ನಿಮ್ಮ ಹತ್ತಿರ ಬಂದೆ. ನೀವು ಇಲ್ಲ ಎಂದಿರಿ. ಅಮ್ಮ ಮನಸ್ಸು ಬದಲಾಯಿಸಿದ್ದಳೇನೋ, ನನಗೇ ತಪ್ಪು ನೆನಪೇನೋ ಎಂದುಕೊಂಡು ಬಾಯಿ ಮುಚ್ಚಿಕೊಂಡೆ."

ಅಷ್ಟು ವರ್ಷ ನಾನು ನೊಂದುಕೊಂಡಿದ್ದು ಹೇಳದ ಮಾತಿಗೆ, ಮುರಿದ ಪಕ್ಕೆಲುಬಿಗೆ. ಆ ಕಾರಿಡಾರಿನಲ್ಲಿ ಆಡಿದ 'ಇಲ್ಲ' ಏನು ಮಾಡಿತ್ತೆಂದು ಗೊತ್ತೇ ಇರಲಿಲ್ಲ. ಹೌದು ಎಂದಿದ್ದರೆ ಮರುದಿನ ಡಾಕ್ಟರ ಮುಂದೆ ಆಕೆ ಬಾಯಿ ಬಿಡುತ್ತಿದ್ದರು. ಕೊನೆಯ ಆ ಅರ್ಧ ಗಂಟೆ ಇರುತ್ತಿರಲಿಲ್ಲ.

"ನನ್ನನ್ನು ಕ್ಷಮಿಸಿ," ಎಂದೆ.

"ಅದು ಅಮ್ಮ ಹೇಳಬೇಕಾದ್ದು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನನ್ನೂ ಅವಳೇ ಕ್ಷಮಿಸಬೇಕು."

ಮರುದಿನ ಬೆಳಗ್ಗೆ ಅವರು ರೌಂಡ್ಸಿನ ಹೊತ್ತಿಗೆ ಸರಿಯಾಗಿ ಬಂದರು. ಡಾಕ್ಟರು ಬದಲಾಗಿದ್ದರು, ಈಗಿನವರು ಪ್ರಾಯದವರು. ಚಿಕ್ಕಮ್ಮನ ಒಬ್ಬನೇ ಮಗನೂ ನಿಂತಿದ್ದ. ಮಗಳು ನನ್ನನ್ನು ಒಮ್ಮೆ ನೋಡಿದರು. ಈ ಸಲ ನಾನೇ ಬಾಯಿ ತೆರೆದೆ. "ಡಾಕ್ಟರ್, ಆಪರೇಷನ್ನಿಗೆ ಮೊದಲು ಹೃದಯ ನಿಂತರೆ ಏನು ಮಾಡಬೇಕೆಂದು ಇವರನ್ನೇ ಕೇಳೋಣವಾ?" ಚಿಕ್ಕಮ್ಮನ ಮಗ ಹುಬ್ಬು ಗಂಟಿಕ್ಕಿದ. ಮಗಳು ಅವನ ತೋಳು ಹಿಡಿದು, "ಕೇಳಲಿ," ಎಂದರು. ಡಾಕ್ಟರು ಸ್ಟೂಲು ಎಳೆದು ಕೂತು ಚಿಕ್ಕಮ್ಮನಿಗೆ ಅರ್ಥವಾಗುವ ಹಾಗೆ ನಿಧಾನಕ್ಕೆ ವಿವರಿಸಿದರು. ಒತ್ತಿದರೆ ಏನಾಗಬಹುದು, ಒತ್ತದಿದ್ದರೆ ಏನಾಗುತ್ತದೆ, ಎಲ್ಲವನ್ನೂ.

ಚಿಕ್ಕಮ್ಮ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ತಲೆ ಎತ್ತಿ, "ಒತ್ತಿ!" ಎಂದರು. "ಎಲ್ಲ ಮಾಡಿ. ಪೈಪೂ ಹಾಕಿ. ಮೊಮ್ಮಗಳ ಮದುವೆ ಇದೆ, ಬಟ್ಟೆ ಹೊಲಿಯಲು ಕೊಟ್ಟಾಗಿದೆ. ನನಗೆ ಈಗ ಸಾಯಲು ಪುರುಸೊತ್ತಿಲ್ಲ."

ಡಾಕ್ಟರು ನಕ್ಕರು, ಮಗ ಜೋರಾಗಿ ನಕ್ಕ. ಮಗಳೂ ನಗುತ್ತಾ ನಗುತ್ತಾ ಅತ್ತುಬಿಟ್ಟರು. ಅಕ್ಕನಂತೆ ತಂಗಿಯೂ ಹೇಳುತ್ತಾರೆಂದು ನಾವಿಬ್ಬರೂ ಎಣಿಸಿಬಿಟ್ಟಿದ್ದೆವು. ಕೇಳದೆ ನಾವೇ ತೀರ್ಮಾನಿಸಿದ್ದರೆ ಅದೂ ಇನ್ನೊಂದು ತಪ್ಪಾಗುತ್ತಿತ್ತು. ಡಾಕ್ಟರು ಆ ಮಾತನ್ನು ಫೈಲಿನಲ್ಲಿ ಬರೆದರು. ಚಿಕ್ಕಮ್ಮನಿಗೆ ಏನೂ ಆಗಲಿಲ್ಲ. ಹನ್ನೆರಡನೆಯ ದಿನ ವಾಕರ್ ಹಿಡಿದು, ನರ್ಸುಗಳನ್ನೆಲ್ಲ ಬೈಯುತ್ತಾ ಮನೆಗೆ ಹೋದರು. ಮಗಳು ಆ ದಿನ ನನ್ನ ಕೈ ಕುಲುಕಿದರು. ಕೆನ್ನೆಗೆ ಮುತ್ತಿಡಲಿಲ್ಲ. ಅದು ಸರಿಯೇ ಅನಿಸಿತು.

ಮುಂದೆ ಕುವೈತಿನಲ್ಲಿದ್ದ ಮೂರು ವರ್ಷ ನಾನು ಅಜ್ಜಿಯರು ಹಾಗೇನಾದರೂ ಹೇಳಿದರೆ ಅವರ ಮಾತಿನಲ್ಲೇ ಫೈಲಿನಲ್ಲಿ ಬರೆದು, ಡಾಕ್ಟರಿಗೂ ಬಾಯಿಯಲ್ಲಿ ಹೇಳುತ್ತಿದ್ದೆ. ಹೆಡ್ ನರ್ಸಿನಿಂದ ಎರಡು ಸಲ ಬೈಸಿಕೊಂಡೆ. ಒಬ್ಬ ಮಗ ದೂರನ್ನೂ ಕೊಟ್ಟ. ನಾನು ಅಷ್ಟು ಹೆದರಿದ್ದ ಆ ದೂರು ಬಂದಾಗ ಆಫೀಸಿಗೆ ಕರೆದು ಹತ್ತು ನಿಮಿಷ ಕೇಳಿ ಕಳಿಸಿದರು. ಖಲಾಸ್, ಮುಗಿಯಿತು ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಷ್ಟೇನಾ ಎಂದು ತುಂಬಾ ಹೊತ್ತು ಏಳಲಾಗಲಿಲ್ಲ.